ಪೂರ್ವಕರ್ಮವಾದವೂ ಬುದ್ಧನ ಬೋಧೆಯೂ: ಅಂಬೇಡ್ಕರರ ಗ್ರಂಥವೊಂದರ ಪರಾಮರ್ಶೆ

1

ಬೌದ್ಧಧರ್ಮದ ಮೂಲತತ್ತ್ವಗಳನ್ನು ಕುರಿತು ನಮ್ಮ ಪಠ್ಯಪುಸ್ತಕಗಳು ಹೇಳುವುದು ಬಹುಮಟ್ಟಿಗೆ ಒಂದೇ ಅಚ್ಚಿನ ಮಾತು. ನಾಲ್ಕು ಆರ್ಯಸತ್ಯಗಳು, ಅಷ್ಟಾಂಗಮಾರ್ಗ, ಪಂಚಶೀಲ, ನಿರ್ವಾಣ ಇವನ್ನು ಕ್ರಮವಾಗಿ ಎಣಿಸಿ, ಬುದ್ಧನು ಜಾತಿಭೇದವನ್ನು ಒಪ್ಪಲಿಲ್ಲವೆಂದೂ ಕರ್ಮ ಪುನರ್ಜನ್ಮಗಳನ್ನು ಮಾತ್ರ ಒಪ್ಪಿದನೆಂದೂ ಒಂದೇ ಉಸಿರಿನಲ್ಲಿ ಹೇಳಿ ಪ್ರಕರಣವನ್ನು ಮುಗಿಸುವುದು ವಾಡಿಕೆ. ಈ ಎರಡು ಮಾತುಗಳು ಒಂದಕ್ಕೊಂದು ಹೊಂದುವುವೇ ಎಂದು ವಿಚಾರಿಸುವ ಗೋಜಿಗೆ ಪಠ್ಯಪುಸ್ತಕಕಾರರು ಹೋಗುವುದಿಲ್ಲ. ಒಬ್ಬನು ಹೀನವೆನಿಸಿದ ಕುಲದಲ್ಲಿ ಹುಟ್ಟಿದುದು ಅವನ ಪೂರ್ವಕರ್ಮದ ಫಲವೇ ಆಗಿದ್ದ ಪಕ್ಷದಲ್ಲಿ ಜಾತಿಯು ಅನ್ಯಾಯವಲ್ಲ, ತಕ್ಕ ದಂಡನೆ ಎಂದಾಗುತ್ತದೆ. ಜಾತಿಯು ಅನ್ಯಾಯವೇ ಆಗಿದ್ದ ಪಕ್ಷದಲ್ಲಿ ಪೂರ್ವಕರ್ಮದ ಸಮರ್ಥನೆ ನಿಲ್ಲುವುದಿಲ್ಲ. ಬುದ್ಧನು ಇವೆರಡರಲ್ಲಿ ಯಾವುದನ್ನು ಹೇಳಿದನು?

ಬೆಳಗಾವಿ ಜಿಲ್ಲೆಯ ಉತ್ತರಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. 1920ರ ಮಾರ್ಚಿನಲ್ಲಿ ನೆರೆಯ ಕೊಲ್ಹಾಪುರ ಸಂಸ್ಥಾನದ ಮಾಣಗಾವದಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಡಾ. ಬಿ. ಆರ್. ಅಂಬೇಡ್ಕರರು ಅಧ್ಯಕ್ಷರಾಗಿದ್ದರು, ಶಾಹೂ ಮಹಾರಾಜರು ಅಲ್ಲಿಗೆ ಬಂದು ಅವರನ್ನು ಗೌರವಿಸಿದರು. 1925ರ ಏಪ್ರಿಲಿನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಿಪ್ಪಾಣಿಯಲ್ಲಿಯೇ ಅವರ ಅಧ್ಯಕ್ಷತೆಯಲ್ಲಿ ಸೇರಿತು. ಮತಾಂತರದ ನಿರ್ಧಾರವನ್ನು ಅವರು ಯೇವಲೆಯಲ್ಲಿ ಸಾರಿದುದು 1935ರಲ್ಲಿ. ನಾಗಪುರದಲ್ಲಿ ಬೌದ್ಧದೀಕ್ಷೆಯನ್ನು ಕೈಕೊಂಡುದು 1956ರ ಅಕ್ಟೋಬರ್ 14ರಂದು. ಆ ದಿನ ಈ ಸೀಮೆಯು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಿತು. ಹದಿನೆಂಟು ದಿನಗಳ ತರುವಾಯ, ನವೆಂಬರ್ 1ರಂದು, ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ಇಲ್ಲಿ ಬೌದ್ಧರಾದ ಮನೆತನಗಳ ಇತಿಹಾಸವನ್ನು ನಾಗಪುರದಿಂದಲ್ಲ, ನಿಪ್ಪಾಣಿಯಿಂದಲೇ ಎಣಿಸಲು ತೊಡಗುವುದು ಯುಕ್ತ. ಪೂರ್ವಜನ್ಮದ ಪಾಪವೆಂದು ಹಿರಿಯರು ತಲೆಬಾಗಿಸಿ ಹೊತ್ತ ಸ್ಥಿತಿಯನ್ನು ಹಾಗಲ್ಲವೆಂದು ನಿರಾಕರಿಸಿ ಬೌದ್ಧರಾದವರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರ ಹಿರಿಯರು ತೊರೆದುಬಂದ ಸಿದ್ಧಾಂತವನ್ನೇ ಬೌದ್ಧಧರ್ಮದ ಹೆಸರಿನಲ್ಲಿ ಅವರಿಗೆ ಕಲಿಸುತ್ತಿದ್ದೇವೆಯೇ ಎಂಬುದು ಅಧ್ಯಾಪಕರಾದ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಅಂಬೇಡ್ಕರರ 'ಬುದ್ಧ ಮತ್ತು ಅವನ ಧಮ್ಮ' ಎಂಬ ಇಂಗ್ಲಿಷ್ ಗ್ರಂಥವು ಅವರು ತೀರಿಕೊಂಡ ಮೇಲೆ, 1957ರಲ್ಲಿ, ಮುಂಬಯಿಯಿಂದ ಪ್ರಕಟವಾಯಿತು. ಈ ಪ್ರಶ್ನೆಗೆ ಅದು ನೇರವಾದ ಉತ್ತರವನ್ನು ಕೊಡುತ್ತದೆ. ಆ ಉತ್ತರಕ್ಕೆ ಪಾಲಿ ಪಿಟಕಗಳಲ್ಲಿ ಎಷ್ಟರಮಟ್ಟಿಗೆ ಆಧಾರವಿದೆ, ಎಲ್ಲಿ ಇಲ್ಲ ಎಂಬುದನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

2

ಗ್ರಂಥಕ್ಕೆ ಬರುವ ಮುನ್ನ ಶಬ್ದದ ವಿಷಯವಾಗಿ ಕೆಲವು ಮಾತುಗಳು ಅವಶ್ಯ. ಕನ್ನಡಿಗನ ಕಿವಿಗೆ 'ಕರ್ಮ'ವೆಂಬ ಶಬ್ದ ಬೀಳುವಾಗ ಅದರ ಅರ್ಥವು ಮೊದಲೇ ತುಂಬಿಕೊಂಡಿರುತ್ತದೆ. ಹಣೆಬರಹ, ಪ್ರಾರಬ್ಧ, ಪಡೆದುಕೊಂಡು ಬಂದದ್ದು ಎಂಬ ಮಾತುಗಳೆಲ್ಲವೂ ಅದರ ಪರ್ಯಾಯಗಳಂತೆ ಬಳಕೆಯಾಗುತ್ತವೆ. ಮಾಡುವ ಕೆಲಸವೆಂಬ ಅರ್ಥ ಹಿಂದೆ ಸರಿದು, ಮಾಡಿ ಮುಗಿದುದರ ಭಾರವೆಂಬ ಅರ್ಥವೇ ಮುಂದೆ ನಿಂತಿದೆ.

ಇದಕ್ಕೆ ಐತಿಹಾಸಿಕ ಕಾರಣವೂ ಉಂಟು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಈ ನಾಡು ಜೈನ ಒಕ್ಕಲುಮನೆತನಗಳ ಹಳೆಯ ನೆಲೆ. ಪ್ರಾಕೃತ ವಿದ್ವಾಂಸರಾದ ಡಾ. ಎ. ಎನ್. ಉಪಾಧ್ಯೆಯವರು 1906ರಲ್ಲಿ ಹುಟ್ಟಿದುದು ಇದೇ ಸೀಮೆಯ ಸದಲಗದಲ್ಲಿ. ಜೈನರ ಕರ್ಮಸಿದ್ಧಾಂತವು ಅತ್ಯಂತ ಸೂಕ್ಷ್ಮವಾಗಿ ಬೆಳೆದ ಶಾಸ್ತ್ರ. ಅದರ ಪ್ರಕಾರ ಕರ್ಮವೆಂಬುದು ಸೂಕ್ಷ್ಮವಾದ ಪುದ್ಗಲ. ಅದು ಜೀವದೊಳಕ್ಕೆ ಹರಿದುಬಂದು ಅಂಟಿಕೊಳ್ಳುತ್ತದೆ. ಸಂವರದಿಂದ ಅದರ ಒಳಹರಿವನ್ನು ತಡೆದು, ತಪಸ್ಸಿನಿಂದ ಅಂಟಿದುದನ್ನು ನಿರ್ಜರೆ ಮಾಡಬೇಕು. ಕನ್ನಡ ಕಾವ್ಯದ ಮೊದಲ ದೊಡ್ಡ ಕೃತಿಗಳಲ್ಲೊಂದಾದ ಪಂಪನ ಆದಿಪುರಾಣವು (941) ತೀರ್ಥಂಕರನ ಭವಾವಳಿಯನ್ನು ಹೇಳಿ ಈ ಭಾವನೆಯನ್ನು ಸಾಹಿತ್ಯದಲ್ಲಿ ನೆಲೆಗೊಳಿಸಿತು.

ಇದಕ್ಕೆ ಪ್ರತಿಯಾಗಿ ನಿಲ್ಲಬಹುದಾಗಿದ್ದ ಬೌದ್ಧ ಪರಿಭಾಷೆಯು ಕನ್ನಡದಲ್ಲಿ ಬೆಳೆದು ಉಳಿಯಲಿಲ್ಲ. ಕರ್ಣಾಟಕದಲ್ಲಿ ಬೌದ್ಧರಿರಲಿಲ್ಲವೆಂದಲ್ಲ. ಬಳ್ಳಿಗಾವೆಯಲ್ಲಿ 1065ರಲ್ಲಿ ಬೌದ್ಧವಿಹಾರವೊಂದು ಕಟ್ಟಲ್ಪಟ್ಟಿತು. ಡಂಬಳದ 1095ರ ಶಾಸನವು ತಾರಾದೇವಿಯ ಸ್ತುತಿಯಿಂದ ತೊಡಗುತ್ತದೆ. ಆದರೆ ಜೈನರ ಕಾವ್ಯಪರಂಪರೆಗೆ ಸಮನಾದ ಬೌದ್ಧ ಕಾವ್ಯಪರಂಪರೆ ಕನ್ನಡದಲ್ಲಿ ನಮಗೆ ದೊರೆತಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಜಿ. ಪಿ. ರಾಜರತ್ನಂ ಅವರು ಪಾಲಿ ಸಾಹಿತ್ಯವನ್ನು ಕನ್ನಡಕ್ಕೆ ತರಲು ಪಟ್ಟ ಶ್ರಮ ದೊಡ್ಡದು. ಆದರೂ ಆ ವೇಳೆಗೆ ಶಬ್ದಗಳು ಬೇರೆ ಅರ್ಥಗಳಲ್ಲಿ ಬೇರೂರಿದ್ದವು. ಹೀಗೆ ಬುದ್ಧನ ಮಾತನ್ನು ನಾವು ಅವನೊಡನೆ ವಾದಿಸಿದವರ ಶಬ್ದಕೋಶದಿಂದ ಓದುತ್ತಿದ್ದೇವೆ. ಇದು ಜೈನಧರ್ಮದ ಮೇಲೆ ಹೊರಿಸುವ ದೋಷವಲ್ಲ. ಎರಡು ದರ್ಶನಗಳು ಒಂದೇ ಶಬ್ದವನ್ನು ಹಂಚಿಕೊಂಡುದರಿಂದ ಆದ ತೊಡಕು. ಜೈನರ ಸಿದ್ಧಾಂತದಲ್ಲಿಯೂ ಪುರುಷಪ್ರಯತ್ನಕ್ಕೆ ಹಿರಿದಾದ ಸ್ಥಾನವಿದೆಯೆಂಬುದನ್ನು ಮರೆಯಲಾಗದು.

3

ಪಾಲಿ ಪಿಟಕದಲ್ಲಿ ಈ ವಾದವು ಪ್ರತ್ಯಕ್ಷವಾಗಿಯೇ ನಡೆದಿದೆ. ಜೈನರನ್ನು ಅಲ್ಲಿ ನಿಗಂಠರೆಂದೂ ಮಹಾವೀರನನ್ನು ನಿಗಂಠ ನಾತಪುತ್ತನೆಂದೂ ಕರೆಯಲಾಗಿದೆ. ಇವು ಒಂದು ಪಕ್ಷದವರು ಇನ್ನೊಂದು ಪಕ್ಷವನ್ನು ಕುರಿತು ಬರೆದಿಟ್ಟ ವರದಿಗಳು. ಜೈನಮತಕ್ಕೆ ಇವನ್ನೇ ಪ್ರಮಾಣವೆಂದು ಹಿಡಿಯುವುದು ಸರಿಯಲ್ಲ. ಬುದ್ಧನ ಶಿಷ್ಯರು ತಮ್ಮ ಗುರುವಿನ ಮತವನ್ನು ಹೇಗೆ ತಿಳಿದಿದ್ದರೆಂಬುದಕ್ಕೆ ಮಾತ್ರ ಇವು ಸಾಕ್ಷಿ.

ಮಜ್ಝಿಮನಿಕಾಯದ ಉಪಾಲಿಸುತ್ತದಲ್ಲಿ, ಕಾಯ, ವಾಕ್ಕು, ಮನಸ್ಸು ಈ ಮೂರರಲ್ಲಿ ಯಾವುದರಿಂದಾದ ಕೃತ್ಯವು ಹೆಚ್ಚು ಭಾರವಾದುದು ಎಂಬ ಚರ್ಚೆ ಬರುತ್ತದೆ. ಕಾಯಿಕವಾದುದೇ ಭಾರವೆಂದು ನಿಗಂಠರ ಪಕ್ಷ. ಮಾನಸಿಕವಾದುದೇ ಭಾರವೆಂದು ಬುದ್ಧನ ಪಕ್ಷ. ಅಂಗುತ್ತರನಿಕಾಯದಲ್ಲಿ ಇನ್ನೊಂದೆಡೆ ಅವನು ಕರ್ಮವೆಂದರೆ ಚೇತನವೇ, ಅಂದರೆ ಸಂಕಲ್ಪಪೂರ್ವಕವಾದ ಪ್ರವೃತ್ತಿಯೇ, ಎಂದು ನಿರ್ಣಯಿಸುತ್ತಾನೆ. ಅಂಟಿಕೊಳ್ಳುವ ಪುದ್ಗಲವಾಗಿದ್ದ ಕರ್ಮವು ಇಲ್ಲಿ ಈ ಕ್ಷಣದ ಇಚ್ಛೆಯಾಗಿ ಮಾರ್ಪಟ್ಟಿತು. ಇದು ಸಣ್ಣ ವ್ಯತ್ಯಾಸವಲ್ಲ. ಅದೇ ಸುತ್ತದಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ವಾದದಲ್ಲಿ ಸೋತು ಬುದ್ಧನ ಅನುಯಾಯಿಯಾದ ಉಪಾಲಿ ಗೃಹಪತಿಗೆ, ಬಹುಕಾಲದಿಂದ ನಿಗಂಠರಿಗೆ ಆಶ್ರಯವಾಗಿದ್ದ ನಿನ್ನ ಮನೆಯಲ್ಲಿ ಅವರಿಗೆ ಭಿಕ್ಷೆಯನ್ನು ನಿಲ್ಲಿಸಬೇಡವೆಂದು ಬುದ್ಧನು ಹೇಳುತ್ತಾನೆ.

ದೇವದಹಸುತ್ತದಲ್ಲಿ, ಮನುಷ್ಯನು ಅನುಭವಿಸುವ ಸುಖದುಃಖಗಳೆಲ್ಲವೂ ಹಿಂದೆ ಮಾಡಿದುದರ ಫಲವೆನ್ನುವವರನ್ನು ಬುದ್ಧನು ಪ್ರಶ್ನಿಸುತ್ತಾನೆ: ಹಿಂದೆ ನೀವು ಇದ್ದಿರೆಂಬುದನ್ನು ಬಲ್ಲಿರಾ, ಪಾಪವನ್ನು ಮಾಡಿದಿರೆಂಬುದನ್ನು ಬಲ್ಲಿರಾ, ಎಷ್ಟು ಕಳೆದಿದೆ, ಎಷ್ಟು ಉಳಿದಿದೆ ಎಂಬುದನ್ನು ಬಲ್ಲಿರಾ? ಪ್ರತಿಯೊಂದಕ್ಕೂ ಇಲ್ಲವೆಂಬುದೇ ಉತ್ತರ. ಸಂಯುತ್ತನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕನು ಇದೇ ವಿಷಯವನ್ನು ಕೇಳಿದಾಗ, ವೇದನೆಗಳಿಗೆ ಎಂಟು ಕಾರಣಗಳನ್ನು ಬುದ್ಧನು ಎಣಿಸುತ್ತಾನೆ: ಪಿತ್ತ, ಶ್ಲೇಷ್ಮ, ವಾತ, ಇವುಗಳ ಸನ್ನಿಪಾತ, ಋತುವಿನ ಬದಲಾವಣೆ, ಅಜಾಗರೂಕವಾದ ನಡೆ, ಪರರ ಹೊಡೆತ, ಕರ್ಮವಿಪಾಕ. ಎಂಟರಲ್ಲಿ ಕರ್ಮವಿಪಾಕವು ಒಂದು ಮಾತ್ರ. ಪರರ ಹೊಡೆತವನ್ನು ಬೇರೆಯಾಗಿ ಎಣಿಸಿದುದು ವಿಶೇಷವಾಗಿ ಲಕ್ಷ್ಯಾರ್ಹ. ಒಬ್ಬನು ಇನ್ನೊಬ್ಬನಿಗೆ ಮಾಡಿದ ಅನ್ಯಾಯವನ್ನು ಪೆಟ್ಟು ತಿಂದವನ ಪೂರ್ವಕರ್ಮದ ಲೆಕ್ಕಕ್ಕೆ ಬರೆಯಲು ಈ ಸುತ್ತವು ಅವಕಾಶ ಕೊಡುವುದಿಲ್ಲ.

ಸುತ್ತನಿಪಾತದ ವಾಸೇಟ್ಠಸುತ್ತವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗೋವುಗಳನ್ನು ಕಾದು ಬಾಳುವವನು ಒಕ್ಕಲಿಗ, ಕುಶಲಕೆಲಸದಿಂದ ಬಾಳುವವನು ಶಿಲ್ಪಿ, ಹೀಗೆ ಮನುಷ್ಯರ ಭೇದಗಳೆಲ್ಲವೂ ಹುಟ್ಟಿನಿಂದಲ್ಲ, ಕರ್ಮದಿಂದ ಎನ್ನುತ್ತದೆ. ಇಲ್ಲಿ ಕರ್ಮವೆಂದರೆ ಈ ಬಾಳಿನ ಉದ್ಯೋಗ. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕುಶಲಿಯ ಕರ್ಮ ಯಾವುದೆಂದು ಕೇಳಿದರೆ, ಈ ಸುತ್ತದ ಪ್ರಕಾರ ಉತ್ತರವು ಅವನ ಕೈಯಲ್ಲಿದೆ, ಹಿಂದಿನ ಜನ್ಮದಲ್ಲಿಲ್ಲ.

ಆದರೆ ಪಿಟಕದಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆಯೆಂಬುದನ್ನು ಮರೆಮಾಚುವುದು ಇತಿಹಾಸಕಾರನಿಗೆ ಸಲ್ಲದು. ಮಜ್ಝಿಮನಿಕಾಯದ ಚೂಳಕಮ್ಮವಿಭಂಗಸುತ್ತದಲ್ಲಿ ಸುಭನೆಂಬ ತರುಣನು, ಮನುಷ್ಯರಲ್ಲಿ ಅಲ್ಪಾಯುಗಳು, ರೋಗಿಗಳು, ಬಡವರು, ನೀಚಕುಲದವರು ಏಕಿರುವರೆಂದು ಕೇಳಲು, ಹಿಂದಿನ ಜನ್ಮದ ಕೃತ್ಯಗಳೇ ಕಾರಣವೆಂಬ ಉತ್ತರ ದೊರೆಯುತ್ತದೆ. ಅಹಂಕಾರದಿಂದ ಪೂಜ್ಯರನ್ನು ಗೌರವಿಸದಿದ್ದವನು ನೀಚಕುಲದಲ್ಲಿ ಹುಟ್ಟುವನಂತೆ. ಜಾತಕಕಥೆಗಳೂ ಜನ್ಮಪರಂಪರೆಯನ್ನು ಆಧರಿಸಿಯೇ ನಿಂತಿವೆ. ಪಠ್ಯಪುಸ್ತಕದ ವಾಕ್ಯವು ನಿರಾಧಾರವಾದುದಲ್ಲ. ಅದು ಅರ್ಧ ಆಧಾರವನ್ನು ಮಾತ್ರ ಹೇಳುತ್ತದೆ, ಅಷ್ಟೆ.

4

ಇನ್ನು ಅಂಬೇಡ್ಕರರ ಗ್ರಂಥಕ್ಕೆ ಬರೋಣ. ಎಂಟು ಭಾಗಗಳ ಈ ಕೃತಿಯ ಪೀಠಿಕೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಎತ್ತಲಾಗಿದೆ. ವೃದ್ಧ, ರೋಗಿ, ಶವ ಇವರನ್ನು ಕಂಡು ಸಿದ್ಧಾರ್ಥನು ಮನೆಬಿಟ್ಟನೆಂಬುದು ನಂಬಲರ್ಹವೇ? ಆರ್ಯಸತ್ಯಗಳು ಬುದ್ಧನ ಮೂಲಬೋಧೆಯೇ, ಭಿಕ್ಷುಗಳು ತರುವಾಯ ಸೇರಿಸಿದುದೇ? ಆತ್ಮವಿಲ್ಲವೆಂದವನು ಕರ್ಮ ಪುನರ್ಜನ್ಮಗಳನ್ನು ಹೇಗೆ ಒಪ್ಪಿದನು? ಭಿಕ್ಷುಸಂಘವನ್ನು ಸ್ಥಾಪಿಸಿದುದರ ಉದ್ದೇಶವೇನು?

ಮೊದಲನೆಯ ಪ್ರಶ್ನೆಗೆ, ಶಾಕ್ಯರಿಗೂ ಕೋಲಿಯರಿಗೂ ರೋಹಿಣೀ ನದಿಯ ನೀರಿಗಾಗಿ ಎದ್ದ ಕಲಹದಲ್ಲಿ ಯುದ್ಧವನ್ನು ವಿರೋಧಿಸಿ ಸಿದ್ಧಾರ್ಥನು ನಾಡನ್ನು ಬಿಟ್ಟನೆಂಬ ಉತ್ತರವನ್ನು ಗ್ರಂಥವು ಕೊಡುತ್ತದೆ. ಈ ದಾರಿಯನ್ನು ಮರಾಠಿಯಲ್ಲಿ ಧರ್ಮಾನಂದ ಕೋಸಂಬಿಯವರು ಮೊದಲೇ ತೋರಿಸಿದ್ದರು. ಜನರು ಆಯುಧ ಹಿಡಿದು ಒಬ್ಬರ ಮೇಲೊಬ್ಬರು ಬೀಳುವುದನ್ನು ಕಂಡು ಉಂಟಾದ ಭಯವನ್ನು ಹೇಳುವ ಸುತ್ತನಿಪಾತದ ಅತ್ತದಂಡಸುತ್ತವು ಇದಕ್ಕೆ ಒಂದು ಮಟ್ಟಿನ ಆಸರೆಯನ್ನು ಕೊಡುತ್ತದೆ. ನಾಲ್ಕನೆಯದು ನಮ್ಮ ಪ್ರಸ್ತುತ ವಿಷಯಕ್ಕೆ ಹೊರಗಿನದು. ಎರಡನೆಯದೂ ಮೂರನೆಯದೂ ಇಲ್ಲಿ ವಿಚಾರಾರ್ಹವಾದುವು.

ಕರ್ಮದ ವಿಷಯದಲ್ಲಿ ಅಂಬೇಡ್ಕರರ ವಾದದ ಸಾರವಿದು. ಋತುನಿಯಮ, ಬೀಜನಿಯಮಗಳಂತೆ ಕರ್ಮನಿಯಮವೂ ಜಗತ್ತಿನ ಒಂದು ವ್ಯವಸ್ಥೆ. ನೈತಿಕ ವ್ಯವಸ್ಥೆಯನ್ನು ದೇವರು ನಡೆಸುವುದಿಲ್ಲ, ಮನುಷ್ಯರ ಕೃತ್ಯಗಳೇ ನಡೆಸುತ್ತವೆ. ಒಬ್ಬನ ಕರ್ಮವು ಆತ್ಮದ ಮೂಲಕ ಅವನ ಮುಂದಿನ ಜನ್ಮಕ್ಕೆ ದಾಟಿಹೋಗುವುದೆಂಬ ವಾದವು ಆತ್ಮವನ್ನು ನಂಬುವವರದು, ಅನಾತ್ಮವಾದಿಯಾದ ಬುದ್ಧನದಾಗಿರಲಾರದು. ಶಿಶುವಿಗೆ ಬರುವುದು ತಂದೆತಾಯಿಗಳ ಬಳುವಳಿ, ಪೂರ್ವಜನ್ಮದ ಗಂಟಲ್ಲ. ಬಡವನ ಬಡತನಕ್ಕೆ ಅವನ ಪೂರ್ವಕರ್ಮವನ್ನೇ ಹೊಣೆ ಮಾಡಿದರೆ ಸಮಾಜವೂ ರಾಜ್ಯವೂ ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತವೆ. ನಿಗಂಠರೊಡನೆ ನಡೆದ ಸಂವಾದಗಳನ್ನು ಈ ಗ್ರಂಥವೂ ಸಾಕ್ಷಿಗೆ ಕರೆಯುತ್ತದೆ. ಎದುರುಸಾಕ್ಷ್ಯಗಳ ವಿಷಯದಲ್ಲಿಯಾದರೋ, ಬುದ್ಧನು ಬದುಕಿದ್ದಾಗಲೇ ಅವನ ಮಾತುಗಳು ತಪ್ಪಾಗಿ ವರದಿಯಾದ ಐದು ಪ್ರಸಂಗಗಳನ್ನು ಪಿಟಕದಿಂದಲೇ ಎತ್ತಿ ತೋರಿಸಿ, ಕಂಠಸ್ಥಪರಂಪರೆಯಲ್ಲಿ ಕರ್ಮವೂ ಪುನರ್ಜನ್ಮವೂ ಹೆಚ್ಚಾಗಿ ವಿಕಾರಗೊಂಡಿರಬೇಕೆಂದು ಹೇಳುತ್ತದೆ. ಯಾವುದು ಯುಕ್ತಿಗೆ ಒಪ್ಪುವುದೋ, ಯಾವುದು ಮನುಷ್ಯನ ಹಿತಕ್ಕೆ ಸಂಬಂಧಿಸಿದುದೋ ಅದೇ ಬುದ್ಧವಚನವೆಂಬುದು ಅದು ಹಿಡಿದ ಒರೆಗಲ್ಲು.

ಈ ವಾದದಲ್ಲಿ ಮೂರು ಅಂಶಗಳನ್ನು ಬೇರ್ಪಡಿಸುವುದು ಅವಶ್ಯವೆಂದು ನಮಗೆ ತೋರುತ್ತದೆ.

ಮೊದಲನೆಯದು ಒರೆಗಲ್ಲಿನ ವಿಷಯ. ಯುಕ್ತವಾದುದೇ ಬುದ್ಧವಚನವೆಂಬ ನಿಯಮವು ಧರ್ಮಗ್ರಂಥವನ್ನು ರಚಿಸುವವನಿಗೆ ಸಲ್ಲುವ ನಿಯಮ. ಇತಿಹಾಸಕ್ಕೆ ಅದು ಸಲ್ಲುವುದಿಲ್ಲ. ಮಹಾಪುರುಷನೊಬ್ಬನು ನಮ್ಮ ಯುಕ್ತಿಗೆ ಒಪ್ಪದುದನ್ನೂ ಹೇಳಿರಬಹುದು. ಚೂಳಕಮ್ಮವಿಭಂಗಸುತ್ತವು ನಮಗೆ ಹಿತವಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಪ್ರಕ್ಷಿಪ್ತವೆನ್ನಲಾಗದು. ಬೌದ್ಧ ಪರಂಪರೆಯ ವಿದ್ವಾಂಸರಲ್ಲಿ ಕೆಲವರು ಈ ಗ್ರಂಥವು ಅಂಬೇಡ್ಕರರ ಧಮ್ಮವನ್ನು ಹೇಳುತ್ತದೆಯೇ ಹೊರತು ಬುದ್ಧನದನ್ನಲ್ಲವೆಂದು ಆಕ್ಷೇಪಿಸಿದುದಕ್ಕೆ ಇಲ್ಲಿ ಆಸ್ಪದ ದೊರೆಯಿತು.

ಎರಡನೆಯದು ತೀರ್ಮಾನದ ವಿಷಯ. ಒರೆಗಲ್ಲು ದುರ್ಬಲವಾದರೂ ತೀರ್ಮಾನವು ಹಾಗಲ್ಲ. ಎಲ್ಲವೂ ಪೂರ್ವಕರ್ಮದ ಫಲವೆಂಬ ಮತವನ್ನು ಬುದ್ಧನು ನಿರಾಕರಿಸಿದನೆಂಬುದಕ್ಕೆ ಮೇಲೆ ಹೇಳಿದ ಸುತ್ತಗಳು ಸಾಕಷ್ಟು ಬಲವಾದ ಆಧಾರಗಳು. ಆ ಆಕ್ಷೇಪಕರು ಇವನ್ನೂ ತೂಕಕ್ಕೆ ಹಾಕಬೇಕು. ಪಿಟಕದಲ್ಲಿ ಪುನರ್ಜನ್ಮವಿದೆಯೆಂದು ತೋರಿಸಿದ ಮಾತ್ರಕ್ಕೆ ಪಿಟಕವು ಹಣೆಬರಹವನ್ನು ಬೋಧಿಸುತ್ತದೆಯೆಂದು ಸಿದ್ಧವಾಗುವುದಿಲ್ಲ. ಇವೆರಡೂ ಬೇರೆ ಬೇರೆ ಪ್ರಮೇಯಗಳು. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ನಿರಾಕರಿಸಬಹುದು. ಪಿಟಕದ ಬಹುಭಾಗವು ಮಾಡಿರುವುದು ಅದನ್ನೇ. ಅಂಬೇಡ್ಕರರು ಎರಡನ್ನೂ ಒಟ್ಟಿಗೆ ತಳ್ಳಿಹಾಕಿದರು. ಅವರ ಉದ್ದೇಶಕ್ಕೆ ಎರಡನೆಯದನ್ನು ತಳ್ಳಿಹಾಕಿದ್ದರೇ ಸಾಕಾಗುತ್ತಿತ್ತು.

ಮೂರನೆಯದು ಆರ್ಯಸತ್ಯಗಳ ವಿಷಯ. ಬದುಕೆಲ್ಲ ದುಃಖವೆಂದರೆ ಮನುಷ್ಯನಿಗೆ ಆಶೆಯೇ ಉಳಿಯದು, ಬೌದ್ಧರಲ್ಲದವರು ಈ ಧರ್ಮವನ್ನು ಒಪ್ಪಲು ಇದು ಅಡ್ಡಿಯಾಗುತ್ತದೆ ಎಂಬುದು ಪೀಠಿಕೆಯ ಆತಂಕ. ಈ ಆತಂಕದ ಮೂಲವನ್ನು ಅರಿಯುವುದು ಕಷ್ಟವಲ್ಲ. ದುಃಖವು ತೃಷ್ಣೆಯಿಂದ ಎಂಬ ಮಾತನ್ನು ನೀರಿನ ಹೊಂಡಕ್ಕೆ ಪ್ರವೇಶವಿಲ್ಲದವನಿಗೆ ಹೇಳಿದರೆ, ನೀರನ್ನು ಬಯಸಿದುದೇ ನಿನ್ನ ತಪ್ಪು ಎಂದಂತಾಗುತ್ತದೆ. 1927ರಲ್ಲಿ ಮಹಾಡದ ಕೆರೆಯ ನೀರಿಗಾಗಿ ಸತ್ಯಾಗ್ರಹ ಮಾಡಿದವರು ಈ ಅರ್ಥವನ್ನು ಒಪ್ಪಲಾರರು. ಆದರೆ ಅಂಗುತ್ತರನಿಕಾಯದ ತಿತ್ಥಾಯತನಸುತ್ತವನ್ನು ಇದರೊಡನೆ ಇಟ್ಟು ಓದಿದರೆ ಬೇರೊಂದು ಚಿತ್ರ ಕಾಣುತ್ತದೆ. ಎಲ್ಲವೂ ಪೂರ್ವಕರ್ಮದಿಂದ, ಎಲ್ಲವೂ ಈಶ್ವರನಿಂದ, ಎಲ್ಲವೂ ಕಾರಣವಿಲ್ಲದೆ ಎಂಬ ಮೂರು ಮತಗಳನ್ನು ಬುದ್ಧನು ಅಲ್ಲಿ ಎತ್ತಿಕೊಂಡು, ಈ ಮೂರೂ ಮನುಷ್ಯನನ್ನು ನಿಷ್ಕ್ರಿಯತೆಗೆ ತಳ್ಳುತ್ತವೆಯೆಂದು ಖಂಡಿಸುತ್ತಾನೆ. ಇವನ್ನು ನಂಬಿದವನಿಗೆ ಇದು ಮಾಡತಕ್ಕದ್ದು, ಇದು ಮಾಡಬಾರದ್ದು ಎಂಬ ವಿವೇಕವೂ ಪ್ರಯತ್ನವೂ ಉಳಿಯಲಾರವೆಂಬುದು ಅವನ ಕಾರಣ. ಅನಂತರ ಈ ಮೂರಕ್ಕೂ ಪ್ರತಿಯಾಗಿ ತನ್ನ ಮತವೆಂದು ಅವನು ಮುಂದಿಡುವ ಬೋಧೆಯಲ್ಲಿ ಕೊನೆಗೆ ಬರುವುದು ನಾಲ್ಕು ಆರ್ಯಸತ್ಯಗಳೇ.

ಅಂದಮೇಲೆ ಆರ್ಯಸತ್ಯಗಳ ಆಶಯವು ನಿರಾಶೆಯಲ್ಲ. ದೈವವಾದಕ್ಕೆ ಕೊಟ್ಟ ಉತ್ತರವದು. ದುಃಖವುಂಟೆಂಬುದು ಅಲ್ಲಿನ ಮೊದಲ ಮಾತು ಮಾತ್ರ. ಅದಕ್ಕೆ ಈಗಲೇ, ಇಲ್ಲಿಯೇ ವರ್ತಿಸುತ್ತಿರುವ ಕಾರಣವುಂಟು. ಕಾರಣವನ್ನು ತೆಗೆದರೆ ಕಾರ್ಯವು ನಿಲ್ಲುತ್ತದೆ. ತೆಗೆಯುವ ದಾರಿಯೂ ಉಂಟು ಎಂಬುದು ಉಳಿದ ಮೂರು ಮಾತು. ಪೂರ್ವಕರ್ಮವಾದಿಗೆ ಕಾರಣವು ಕೈಗೆ ಸಿಗದಷ್ಟು ಹಿಂದೆ ಇದೆ. ಆರ್ಯಸತ್ಯಗಳನ್ನು ಒಪ್ಪಿದವನಿಗೆ ಅದು ಕೈಗೆ ಸಿಗುವಷ್ಟು ಹತ್ತಿರವಿದೆ. ತೃಷ್ಣೆಯು ಯಾರದೆಂಬುದನ್ನೂ ಕೇಳಬಹುದು. ದೀಘನಿಕಾಯದ ಮಹಾನಿದಾನಸುತ್ತವು ತೃಷ್ಣೆಯಿಂದ ಲಾಭಾಸಕ್ತಿ, ಅದರಿಂದ ಸ್ವತ್ತಿನ ಮೋಹ, ಅದರಿಂದ ಕಾವಲು, ಕಾವಲಿನಿಂದ ದಂಡಶಸ್ತ್ರಗಳು, ಕಲಹಗಳು ಎಂದು ಸರಪಳಿಯನ್ನು ಬಿಡಿಸಿ ತೋರಿಸುತ್ತದೆ. ಕೆರೆಗೆ ಕಾವಲು ಹಾಕಿದವನ ತೃಷ್ಣೆಯೂ ತೃಷ್ಣೆಯೇ. ದುಃಖದ ಕಾರಣವನ್ನು ಹುಡುಕುವಾಗ ನೀರಡಿಸಿದವನನ್ನು ಮಾತ್ರ ಪರೀಕ್ಷಿಸಬೇಕೆಂಬ ನಿಯಮವೇನೂ ಬುದ್ಧನ ಬೋಧೆಯಲ್ಲಿಲ್ಲ. ಪೀಠಿಕೆಯು ಆರ್ಯಸತ್ಯಗಳನ್ನು ಶಂಕಿಸುವಾಗ ಈ ಸುತ್ತಗಳನ್ನು ಎದುರಿಗಿಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡಿದ್ದರೆ ಅದರ ಎರಡನೆಯ ಪ್ರಶ್ನೆಗೂ ಮೂರನೆಯ ಪ್ರಶ್ನೆಗೂ ಒಂದೇ ಉತ್ತರ ದೊರೆಯುತ್ತಿತ್ತು, ಮತ್ತು ಯಾವ ಸುತ್ತವನ್ನೂ ಪ್ರಕ್ಷಿಪ್ತವೆನ್ನುವ ಅವಶ್ಯಕತೆ ಅಷ್ಟಾಗಿ ಬೀಳುತ್ತಿರಲಿಲ್ಲ.

5

ಹೀಗೆ ನೋಡಿದರೆ 'ಬುದ್ಧ ಮತ್ತು ಅವನ ಧಮ್ಮ'ವು ಇತಿಹಾಸಗ್ರಂಥವಾಗಿ ಎಷ್ಟೋ ಕಡೆ ಪ್ರಶ್ನಾರ್ಹವಾದರೂ, ಬುದ್ಧನ ಬೋಧೆಯ ಮರ್ಮವೊಂದನ್ನು ಅನೇಕ ವಿದ್ವತ್ಪೂರ್ಣ ಗ್ರಂಥಗಳಿಗಿಂತ ಸರಿಯಾಗಿ ಹಿಡಿದಿದೆಯೆಂದು ಹೇಳಬೇಕಾಗುತ್ತದೆ. ಅದು ಹಾಕಿದ ಪ್ರಶ್ನೆಗಳನ್ನು ವಿದ್ವಾಂಸರು ಹಾಕದೆ ಬಿಟ್ಟುದಕ್ಕೆ ಕಾರಣವು ಪಾಂಡಿತ್ಯದ ಕೊರತೆಯಲ್ಲ. ಆ ಪ್ರಶ್ನೆ ಅವರನ್ನು ಬಾಧಿಸಲಿಲ್ಲ, ಅಷ್ಟೆ. ಪೂರ್ವಕರ್ಮದ ಸಿದ್ಧಾಂತದಿಂದ ಯಾರ ಬಾಳು ಹಾಳಾಗಿದ್ದಿತೋ ಅವರೇ ಅದನ್ನು ಎತ್ತಬೇಕಾಯಿತು.

ನಾಗಪುರದಲ್ಲಿ ಅಂಬೇಡ್ಕರರು ತಮ್ಮ ಅನುಯಾಯಿಗಳಿಗೆ ಕೊಟ್ಟ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ, ಇಂದು ನನಗೆ ಹೊಸ ಜನ್ಮವಾಯಿತೆಂದು ನಂಬುತ್ತೇನೆ ಎಂಬರ್ಥದ್ದೂ ಒಂದಿದೆ. ಪುನರ್ಜನ್ಮವನ್ನು ನಿರಾಕರಿಸಿದವರು ಆ ಶಬ್ದವನ್ನು ಬಿಟ್ಟುಕೊಡಲಿಲ್ಲವೆಂಬುದು ಗಮನಾರ್ಹ. ಸತ್ತ ಮೇಲೆ ಆಗುವ ಜನ್ಮದ ಸ್ಥಾನದಲ್ಲಿ ಬದುಕಿದ್ದಾಗಲೇ ಸಂಕಲ್ಪದಿಂದ ಪಡೆಯುವ ಜನ್ಮವನ್ನು ಅವರು ಇಟ್ಟರು. ಕರ್ಮವೆಂದರೆ ಸಂಕಲ್ಪವೆಂಬ ಅಂಗುತ್ತರನಿಕಾಯದ ನಿರ್ಣಯಕ್ಕೆ ಇದು ದೂರವಾದುದಲ್ಲ.

ಅಧ್ಯಾಪಕರು ಮಾಡಬೇಕಾದುದು ದೊಡ್ಡ ಕೆಲಸವೇನೂ ಅಲ್ಲ. ಬುದ್ಧನು ಕರ್ಮ ಪುನರ್ಜನ್ಮಗಳನ್ನು ಒಪ್ಪಿದನೆಂಬ ವಾಕ್ಯದ ಮುಂದೆ, ಎಲ್ಲವೂ ಪೂರ್ವಕರ್ಮದ ಫಲವೆಂಬುದನ್ನು ಮಾತ್ರ ಅವನು ಒಪ್ಪಲಿಲ್ಲವೆಂಬ ಇನ್ನೊಂದು ವಾಕ್ಯವನ್ನು ಸೇರಿಸಿ, ಸೀವಕನಿಗೆ ಎಣಿಸಿದ ಎಂಟು ಕಾರಣಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಸಾಕು. ಚೂಳಕಮ್ಮವಿಭಂಗಸುತ್ತವನ್ನೂ ಅದರ ಪಕ್ಕದಲ್ಲಿ ಹೇಳಬೇಕು. ವಿದ್ಯಾರ್ಥಿಗಳು ಎರಡನ್ನೂ ತೂಗಿ ನೋಡಲಿ. ಆಗ ಜೈನ ವಿದ್ಯಾರ್ಥಿಗೆ ತನ್ನ ಮನೆಯ ಸಿದ್ಧಾಂತದ ವೈಶಿಷ್ಟ್ಯವೂ, ಬೌದ್ಧ ವಿದ್ಯಾರ್ಥಿಗೆ ತನ್ನ ಹಿರಿಯರ ನಿರ್ಧಾರದ ಬೆಲೆಯೂ, ಉಳಿದವರಿಗೆ 'ಕರ್ಮ'ವೆಂಬ ದಿನಬಳಕೆಯ ಶಬ್ದದ ಹಿಂದಿರುವ ಎರಡೂವರೆ ಸಾವಿರ ವರ್ಷಗಳ ವಾದವೂ ತಿಳಿಯುವುವು. ಈ ವಾದದಲ್ಲಿ ಉಪಾಲಿಯ ಮನೆಯ ಬಾಗಿಲನ್ನು ಬುದ್ಧನು ಮುಚ್ಚಿಸಲಿಲ್ಲ. ನಮ್ಮ ತರಗತಿಗಳ ಬಾಗಿಲೂ ಹಾಗೆಯೇ ತೆರೆದಿರತಕ್ಕದ್ದು.